ಹೊಸ ಡಿಸ್ಕ್ ಕಾಣುತ್ತಿಲ್ಲ: ತೊಡಕು ಇರುವುದು ಯಾವ ಮೆಟ್ಟಿಲಲ್ಲಿ?

ಕೊರಿಯರ್‌ನಲ್ಲಿ ಬಂದ ಪೊಟ್ಟಣ ಒಡೆದು, ಹೊಸ ಡಿಸ್ಕನ್ನು ಕಂಪ್ಯೂಟರಿಗೆ ಜೋಡಿಸಿ, ಸ್ವಿಚ್ ಹಾಕಿ ಕಾದು ಕೂತರೆ ಪರದೆಯ ಮೇಲೆ ಎಂದಿನ ‘ಸಿ’ ಮತ್ತು ‘ಡಿ’ ಎರಡೇ. ಹೊಸದರ ಸುಳಿವೇ ಇಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹಳ್ಳಿಮನೆಯಲ್ಲಿ ಹೀಗಾದರೆ ಮುಂದಿನ ಕೆಲಸ ಬಹುಮಟ್ಟಿಗೆ ಒಂದೇ: ಕ್ಯಾಬಿನೆಟ್ಟನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತುವುದು. ತಾಲ್ಲೂಕು ಪೇಟೆಯಲ್ಲಿ ಆಗದಿದ್ದರೆ ಶಿವಮೊಗ್ಗ. ತೀರ್ಥಹಳ್ಳಿಯಿಂದ ಸುಮಾರು 60 ಕಿಲೋಮೀಟರ್, ಸಾಗರದಿಂದ 70ರ ಮೇಲೆ. ಹಳ್ಳಿಯಿಂದ ಪೇಟೆಗೆ ಬರುವ ದಾರಿ ಬೇರೆ. ಅಷ್ಟು ದೂರ ಹೋದ ಮೇಲೆ ‘ಇಲ್ಲಿ ಸರಿಯಾಗೇ ಕಾಣ್ತಿದೆಯಲ್ಲ’ ಎಂಬ ಉತ್ತರ ಸಿಗಬಹುದು, ‘ಡಿಸ್ಕ್ ಹೋಗಿದೆ’ ಎಂಬ ಉತ್ತರವೂ ಸಿಗಬಹುದು. ಆದದ್ದೇನು ಎಂಬುದು ಮಾತ್ರ ಎರಡರಿಂದಲೂ ತಿಳಿಯುವುದಿಲ್ಲ.

ಈ ಪ್ರಶ್ನೆಗೆ ಈಗ ಒಂದು ತುರ್ತು ಬಂದಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ ಮುಗಿಯಿತು. ಹಳೆಯ ಯಂತ್ರವನ್ನು ಎಸೆಯಲು ಮನಸ್ಸಿಲ್ಲದವರಿಗೆ ಎಸ್‌ಎಸ್‌ಡಿ ಹಾಕಿಸಿ ಇನ್ನೊಂದಷ್ಟು ವರ್ಷ ಓಡಿಸುವ ದಾರಿ ಇದೆ. ಎಸ್‌ಎಸ್‌ಡಿ ಎಂದರೆ ತಿರುಗುವ ತಟ್ಟೆಯಿಲ್ಲದೆ, ಪೆನ್‌ಡ್ರೈವ್‌ನಂತೆ ಚಿಪ್ಪಿನೊಳಗೇ ಮಾಹಿತಿ ಇಡುವ ಡಿಸ್ಕ್. ಅಡಿಕೆ ಮಂಡಿಯ ಲೆಕ್ಕ, ಸೊಸೈಟಿಯ ಸಾಲದ ಖಾತೆ, ಸ್ಟುಡಿಯೋದ ಮದುವೆ ಫೋಟೊ, ಹೆಗ್ಗೋಡಿನ ಸುತ್ತಮುತ್ತ ನಾಟಕ–ತಾಳಮದ್ದಳೆಗಳನ್ನು ಆಸ್ಥೆಯಿಂದ ರೆಕಾರ್ಡ್ ಮಾಡಿಟ್ಟವರ ಕಡತಗಳು, ಎಲ್ಲವೂ ಯಾವುದೋ ಒಂದು ಡಿಸ್ಕನ್ನು ನೆಚ್ಚಿಕೊಂಡಿವೆ. ಹಾಗಾಗಿ ಡಿಸ್ಕ್ ‘ಕಾಣುವುದು’ ಎಂದರೇನು ಎಂದು ಸಾವಧಾನವಾಗಿ ನೋಡುವುದು ಒಳ್ಳೆಯದು.

ನಮ್ಮ ಕಡೆ ಗುಡ್ಡದ ಒರತೆಯಿಂದ ಮನೆಯ ಬಚ್ಚಲಿಗೆ ನೀರು ತರುವುದು ಹಳೆಯ ಪದ್ಧತಿ. ಮೊದಲು ಸೀಳಿದ ಅಡಿಕೆ ಮರದ ದಬ್ಬೆ, ಈಗ ಕಪ್ಪು ಪೈಪು. ಬೆಳಿಗ್ಗೆ ನೀರು ಬೀಳಲಿಲ್ಲವೆಂದು ಯಾರೂ ‘ಒರತೆ ಬತ್ತಿತು’ ಎನ್ನುವುದಿಲ್ಲ. ದಬ್ಬೆಯ ಸಾಲು ಹಿಡಿದು ಮೇಲಕ್ಕೆ ಹತ್ತುತ್ತಾರೆ. ಎಲ್ಲಿಯವರೆಗೆ ನೀರಿದೆ, ಎಲ್ಲಿಂದ ಇಲ್ಲ ಎಂದು ನೋಡುತ್ತಾರೆ. ಅವೆರಡರ ನಡುವೆ ತರಗೆಲೆ ಕಟ್ಟಿರುತ್ತದೆ, ಇಲ್ಲವೇ ದನ ತುಳಿದು ದಬ್ಬೆ ಜಾರಿರುತ್ತದೆ. ಡಿಸ್ಕಿನ ಸಂಗತಿಯೂ ಹೀಗೆಯೇ. ಮೊದಲು ಅದಕ್ಕೆ ಕರೆಂಟು ಸಿಗಬೇಕು. ಬಳಿಕ ಮಾಹಿತಿ ಹರಿಯುವ ತಂತಿ ಕೂಡಬೇಕು. ಆಮೇಲೆ ಮದರ್‌ಬೋರ್ಡ್ ಅದನ್ನು ಗುರುತು ಹಿಡಿಯಬೇಕು, ನಂತರ ವಿಂಡೋಸ್ ಗುರುತು ಹಿಡಿಯಬೇಕು. ಕೊನೆಗೆ ಡಿಸ್ಕಿನ ಮೇಲೆ ಗಡಿ ಹಾಕಿ, ಬರೆಯಲು ಅಣಿಮಾಡಿ, ಅದಕ್ಕೊಂದು ಅಕ್ಷರ ಕೊಡಬೇಕು. ನಾವು ‘ಮೈ ಕಂಪ್ಯೂಟರ್’ (ಈಗಿನ ವಿಂಡೋಸ್‌ನಲ್ಲಿ ‘ದಿಸ್ ಪಿಸಿ’) ಎಂದು ತೆರೆದು ನೋಡುವುದು ಈ ಸಾಲಿನ ಕಟ್ಟಕಡೆಯ ತುದಿಯನ್ನು. ಅಲ್ಲಿ ಕಾಣದ ಮಾತ್ರಕ್ಕೆ ಒರತೆಯ ಬಗ್ಗೆ ಏನೂ ಹೇಳಲಾಗದು.

ಹೋದ ಮಳೆಗಾಲದಲ್ಲಿ ಹೊಸನಗರದ ಕಡೆ ಇರುವ ನನ್ನ ಭಾವನ ಮನೆಯಲ್ಲಿ ಇದನ್ನು ಕಣ್ಣಾರೆ ಕಂಡೆ. ತೋಟದ ಲೆಕ್ಕಕ್ಕೆಂದು ಇಟ್ಟುಕೊಂಡ ಹಳೆಯ ಕಂಪ್ಯೂಟರ್. 1 ಟಿಬಿಯ ಎಸ್‌ಎಸ್‌ಡಿ ತರಿಸಿ ಅವರೇ ಕೂರಿಸಿದ್ದರು. ‘ಡಿಸ್ಕ್ ಸತ್ತೇ ಬಂದಿದೆ ಮಾರಾಯ. ಒಂಚೂರೂ ಸದ್ದಿಲ್ಲ ನೋಡು, ವಾಪಸ್ ಕಳಿಸೋದೇ ಸೈ’ ಎಂದರು. ‘ಇದು ಸದ್ದು ಮಾಡೋ ಜಾತಿಯಲ್ಲ ಭಾವ, ಒಳಗೆ ತಿರುಗೋದು ಏನೂ ಇಲ್ಲ’ ಎಂದೆ. ಅವರ ಅನುಮಾನದಲ್ಲಿ ತಪ್ಪೇನಿರಲಿಲ್ಲ. ಹದಿನೈದು ವರ್ಷ ಕೇಳಿದ ಗುರ್ ಎನ್ನುವ ಸದ್ದನ್ನೇ ಅವರು ಜೀವದ ಲಕ್ಷಣ ಎಂದುಕೊಂಡಿದ್ದರು.

ಸದ್ದಿನ ಪರೀಕ್ಷೆ ಹಳೆಯ ಬಗೆಯ ಹಾರ್ಡ್‌ಡಿಸ್ಕಿಗೆ ಮಾತ್ರ ಸಲ್ಲುತ್ತದೆ. ಅದರೊಳಗೆ ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುವ ನುಣುಪು ತಟ್ಟೆಗಳಿರುತ್ತವೆ. ಓದುವ ತಲೆ ಆ ತಟ್ಟೆಯನ್ನು ಮುಟ್ಟದೆ, ಕೂದಲೆಳೆಯ ದಪ್ಪಕ್ಕಿಂತ ಸಾವಿರಾರು ಪಾಲು ಕಡಿಮೆ ಅಂತರದಲ್ಲಿ, ಗಾಳಿಯ ಪದರದ ಮೇಲೆ ತೇಲುತ್ತದೆ. ಸ್ವಿಚ್ ಹಾಕಿದ ಕೂಡಲೇ ಸಣ್ಣ ಅದುರು, ನಂತರ ಏರುವ ಗುಂಯ್ ಸದ್ದು ಬಂದರೆ ಮೋಟರಿಗೆ ಕರೆಂಟು ತಲುಪಿದೆ ಎಂದರ್ಥ. ಏನೂ ಕೇಳದಿದ್ದರೆ ಮೊದಲು ಕರೆಂಟನ್ನೇ ಅನುಮಾನಿಸಬೇಕು.

ಇಲ್ಲಿ ಒಂದು ಸೂಕ್ಷ್ಮವಿದೆ. ಗೋಡೆಯಿಂದ ಬರುವ 230 ವೋಲ್ಟನ್ನು ಕ್ಯಾಬಿನೆಟ್ಟಿನ ಮೂಲೆಯಲ್ಲಿರುವ ಎಸ್‌ಎಂಪಿಎಸ್ ಎಂಬ ಪೆಟ್ಟಿಗೆ 12, 5 ಮತ್ತು 3.3 ವೋಲ್ಟಿಗೆ ಇಳಿಸಿ ಹಂಚುತ್ತದೆ. ಡೆಸ್ಕ್‌ಟಾಪಿಗೆ ಹಾಕುವ ಮೂರೂವರೆ ಇಂಚಿನ ದೊಡ್ಡ ಡಿಸ್ಕಿನ ಮೋಟರ್ ತಿರುಗಲು 12 ವೋಲ್ಟ್ ಬೇಕು, ಅದರ ಸರ್ಕ್ಯೂಟಿಗೆ 5 ವೋಲ್ಟ್. ಲ್ಯಾಪ್‌ಟಾಪಿನ ಎರಡೂವರೆ ಇಂಚಿನ ಡಿಸ್ಕಿಗೆ 5 ವೋಲ್ಟೇ ಸಾಕು. ಹೀಗಾಗಿ ಎಸ್‌ಎಂಪಿಎಸ್‌ನ 12 ವೋಲ್ಟಿನ ಕವಲು ಸೊರಗಿದ್ದರೆ ಸಣ್ಣ ಡಿಸ್ಕ್ ಓಡುತ್ತದೆ, ದೊಡ್ಡದು ಎದ್ದೇಳುವುದಿಲ್ಲ. ‘ನನ್ನ ಎಸ್‌ಎಸ್‌ಡಿ ಕಾಣುತ್ತದೆ, ಹೊಸ 4 ಟಿಬಿ ಡಿಸ್ಕ್ ಮಾತ್ರ ಕಾಣುವುದಿಲ್ಲ’ ಎನ್ನುವವರು ನೋಡಬೇಕಾದ ಜಾಗ ಇದು. ಇನ್ನೊಂದು ಅಪರೂಪದ ಕಾರಣವೂ ಉಂಟು. ದೊಡ್ಡ ಸರ್ವರ್‌ಗಳಿಗೆಂದು ತಯಾರಾದ ಕೆಲವು ಡಿಸ್ಕುಗಳಲ್ಲಿ ಕರೆಂಟಿನ ಪ್ಲಗ್ಗಿನ ಮೂರನೆಯ ಕಡ್ಡಿಗೆ 3.3 ವೋಲ್ಟ್ ಬಂದರೆ ಅದನ್ನು ‘ಮಲಗಿರು’ ಎಂಬ ಆಜ್ಞೆಯಾಗಿ ತೆಗೆದುಕೊಳ್ಳುವ ಏರ್ಪಾಡಿದೆ. ಮನೆಯ ಹಳೆಯ ಎಸ್‌ಎಂಪಿಎಸ್ ಆ ಕಡ್ಡಿಗೆ ಸದಾ 3.3 ವೋಲ್ಟ್ ಕೊಡುತ್ತಲೇ ಇರುತ್ತದೆ. ಡಿಸ್ಕ್ ಮಲಗಿಯೇ ಇರುತ್ತದೆ, ನಾವು ಸತ್ತಿತು ಎನ್ನುತ್ತೇವೆ. ಇದನ್ನು ಸರಿಪಡಿಸುವುದು ಅಂಗಡಿಯವರ ಕೆಲಸ. ಆದರೆ ಹೀಗೂ ಆಗುತ್ತದೆ ಎಂಬುದು ಗೊತ್ತಿದ್ದರೆ ಕೇಳಬಹುದು.

ಎರಡನೆಯ ಮೆಟ್ಟಿಲು ತಂತಿ. ಮುಟ್ಟುವ ಮೊದಲು ಗೋಡೆಯ ಪ್ಲಗ್ ಕಿತ್ತು, ಪವರ್ ಬಟನ್ನನ್ನು ಐದಾರು ಸೆಕೆಂಡ್ ಒತ್ತಿ ಹಿಡಿದು ಒಳಗುಳಿದ ಕರೆಂಟನ್ನು ಹೋಗಲಾಡಿಸಬೇಕು. ಈಗ ಬಳಕೆಯಲ್ಲಿರುವ ಸಾಟಾ ಎಂಬ ಜೋಡಣೆಯಲ್ಲಿ ಡಿಸ್ಕಿನ ಬೆನ್ನಿಗೆ ಎರಡು ಪ್ಲಗ್ಗುಗಳು: ಅಗಲವಾದದ್ದು 15 ಸಂಪರ್ಕಬಿಂದುಗಳ ಕರೆಂಟಿನದು, ಕಿರಿದಾದದ್ದು 7 ಬಿಂದುಗಳ ಮಾಹಿತಿಯದು. ತಿರುಗುಮುರುಗಾಗಿ ಹಾಕಲು ಆಗದಂತೆ ಎರಡರ ಬಾಯಲ್ಲೂ ಮೊಣಕೈ ಮಡಿಸಿದ ಆಕಾರದ ಸೀಳು ಇರುತ್ತದೆ. ಭಾವನ ಯಂತ್ರದ ಪಕ್ಕದ ಹಲಗೆ ಬಿಚ್ಚಿ ಟಾರ್ಚು ಹಿಡಿದಾಗ ಕಂಡದ್ದು ಇಷ್ಟೇ: ಕೆಂಪು ತಂತಿಯ ಪ್ಲಗ್ಗು ಒಂದು ಕಡೆ ಪೂರ್ತಿ ಕೂತಿದೆ, ಇನ್ನೊಂದು ಕಡೆ ಉಗುರಿನಷ್ಟು ಎದ್ದಿದೆ. ಅದು ಹಳೆಯ ತಂತಿ, ಹಿಡಿದುಕೊಳ್ಳುವ ಲೋಹದ ನಾಲಿಗೆ ಇಲ್ಲದ್ದು. ಕ್ಯಾಬಿನೆಟ್ಟಿನ ಹಲಗೆ ಮುಚ್ಚುವಾಗ ತಂತಿ ಬಾಗಿ ಪ್ಲಗ್ಗನ್ನು ಮೀಟಿತ್ತು. ಬೆರಳಿಟ್ಟು ಒತ್ತಿದಾಗ ಸಣ್ಣಗೆ ಒಳಸರಿದ ಅನುಭವವಾಯಿತು. ಅದರ ಪಕ್ಕದ ಖಾಲಿ ಕಿಂಡಿಯನ್ನು ನೋಡಿದರೆ, ಗೂಡು ಕಟ್ಟುವ ಕಣಜವೊಂದು ಅಲ್ಲಿ ಮಣ್ಣು ಮೆತ್ತಿಟ್ಟಿತ್ತು.

ಮಲೆನಾಡಿನ ಕಂಪ್ಯೂಟರಿನ ಒಳಗನ್ನು ನೋಡುವಾಗ ಇಲ್ಲಿಯ ಹವೆಯನ್ನು ಮರೆಯುವಂತಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಹೊಸನಗರ ತಾಲ್ಲೂಕಿನ ಹುಲಿಕಲ್ಲು ಅದಕ್ಕೇನೂ ಕಡಿಮೆಯಲ್ಲ. ಪುಸ್ತಕಕ್ಕೆ ಬೂಷ್ಟು ಹಿಡಿಯುವ, ಬೆಂಕಿಪೊಟ್ಟಣ ಮೆತ್ತಗಾಗುವ ತಿಂಗಳುಗಳಲ್ಲಿ ಪ್ಲಗ್ಗಿನ ಲೋಹಕ್ಕೂ ತೆಳುವಾಗಿ ಕಿಲುಬು ಹಿಡಿಯುತ್ತದೆ. ಆಗ ಪ್ಲಗ್ ಪೂರ್ತಿ ಕೂತಿದ್ದರೂ ಲೋಹಕ್ಕೆ ಲೋಹ ತಾಗಿರುವುದಿಲ್ಲ. ನಾಲ್ಕಾರು ಸಲ ಹಾಕಿ ತೆಗೆದರೆ ಆ ಪದರ ಉಜ್ಜಿ ಹೋಗುವುದುಂಟು. ಚಾಕು, ಮರಳುಕಾಗದ ಹಾಕಿ ಕೆರೆಯಬಾರದು. ಸಂಪರ್ಕಬಿಂದುಗಳಿಗೆ ಬಳಿದ ಚಿನ್ನದ ಲೇಪ ಬಹಳ ತೆಳು, ಅದು ಹೋದರೆ ಮುಂದಿನ ಮಳೆಗಾಲಕ್ಕೆ ಮತ್ತಷ್ಟು ಕಿಲುಬು.

ಇನ್ನೊಂದು ಸಂಗತಿ. ರಾತ್ರಿ ಬೆಂಗಳೂರಲ್ಲಿ ಎಸಿ ಬಸ್ಸು ಹತ್ತಿ ಬೆಳಿಗ್ಗೆ ಸಾಗರದಲ್ಲಿ ಇಳಿದಾಗ ಕನ್ನಡಕ ಮಂಜಾಗುತ್ತದೆ. ತಣ್ಣಗಿದ್ದ ಗಾಜಿನ ಮೇಲೆ ಹೊರಗಿನ ಒದ್ದೆ ಗಾಳಿ ನೀರಾಗಿ ಕೂರುತ್ತದೆ. ಬ್ಯಾಗಿನಲ್ಲಿರುವ ಡಿಸ್ಕಿಗೂ ಆಗುವುದು ಅದೇ. ಹಲವು ಹಾರ್ಡ್‌ಡಿಸ್ಕುಗಳಲ್ಲಿ ಗಾಳಿಯ ಒತ್ತಡ ಸಮವಾಗಲೆಂದು ಸೋಸುಕ ಇರುವ ಸಣ್ಣ ರಂಧ್ರವೊಂದು ಇರುತ್ತದೆ. ತಂದ ಕೂಡಲೇ ಜೋಡಿಸದೆ, ಪೊಟ್ಟಣದಲ್ಲೇ ಕೆಲವು ಗಂಟೆ ಮನೆಯ ಹವೆಗೆ ಹೊಂದಿಕೊಳ್ಳಲು ಬಿಟ್ಟರೆ ಈ ಅಪಾಯ ತಪ್ಪುತ್ತದೆ.

ಕರೆಂಟು ಬಂತು, ತಂತಿ ಕೂತಿತು. ಮೂರನೆಯ ಪ್ರಶ್ನೆ: ಮದರ್‌ಬೋರ್ಡಿಗೆ ಡಿಸ್ಕಿನ ಗುರುತು ಸಿಕ್ಕಿತೇ? ಇದನ್ನು ವಿಂಡೋಸ್‌ಗೆ ಕೇಳಬಾರದು. ಯಂತ್ರ ಏಳುವಾಗ ವಿಂಡೋಸ್‌ಗಿಂತ ಮೊದಲೇ ಎಚ್ಚರವಾಗುವ ಚಿಕ್ಕ ತಂತ್ರಾಂಶವೊಂದು ಮದರ್‌ಬೋರ್ಡಿನ ಚಿಪ್ಪಿನಲ್ಲೇ ಇರುತ್ತದೆ. ಜನ ಅದನ್ನು ಬಯೋಸ್ ಎಂದೇ ಕರೆಯುತ್ತಾರೆ. ಮನೆಯ ಯಜಮಾನಿ ಬೆಳಿಗ್ಗೆ ಎದ್ದು ಒಲೆ ಹಚ್ಚಿ, ಯಾರು ಎದ್ದರು ಯಾರು ಇಲ್ಲ ಎಂದು ನೋಡುವಂತೆ, ಇದು ಕೀಬೋರ್ಡು, ಮೆಮೊರಿ, ಡಿಸ್ಕುಗಳನ್ನು ಎಣಿಸುತ್ತದೆ. ಸ್ವಿಚ್ ಹಾಕಿದ ಮೊದಲ ಕ್ಷಣಗಳಲ್ಲಿ ಎಫ್2 ಅಥವಾ ಡಿಲೀಟ್ ಕೀ ಒತ್ತುತ್ತಿದ್ದರೆ ಬಹುತೇಕ ಯಂತ್ರಗಳಲ್ಲಿ ಅದರ ಪುಟ ತೆರೆಯುತ್ತದೆ. ಅಲ್ಲಿ ಡಿಸ್ಕಿನ ಕಂಪನಿ ಮತ್ತು ಮಾದರಿಯ ಹೆಸರು ಕಂಡರೆ ಈವರೆಗಿನ ಸಾಲು ಸರಿಯಿದೆ. ಕಾಣದಿದ್ದರೆ ಬೇರೆ ತಂತಿ, ಬೇರೆ ಕಿಂಡಿ, ಕೊನೆಗೆ ಬೇರೆ ಕಂಪ್ಯೂಟರಿನಲ್ಲಿ ಇಟ್ಟು ನೋಡಬೇಕು. ಮೂರರಲ್ಲೂ ಕಾಣದಿದ್ದಾಗ ಮಾತ್ರ ಡಿಸ್ಕನ್ನು ದೂರಬಹುದು.

ಈ ಬಯೋಸ್‌ಗೆ ಮಲೆನಾಡಿನಲ್ಲಿ ಹೆಚ್ಚಾಗಿ ಬರುವ ತೊಂದರೆಯೊಂದಿದೆ. ಏಪ್ರಿಲ್–ಮೇ ತಿಂಗಳ ಮಳೆಯಲ್ಲಿ ಮತ್ತು ನವರಾತ್ರಿಯ ಆಚೀಚೆ ಸಿಡಿಲಿನ ಭಯ ಹೆಚ್ಚು. ಮೋಡ ಕಪ್ಪಾದ ಕೂಡಲೇ ಟಿವಿ, ಕಂಪ್ಯೂಟರು, ಫೋನಿನ ವಯರು ಎಲ್ಲವನ್ನೂ ಕಿತ್ತಿಡುವುದು ನಮ್ಮ ಮನೆಗಳ ಪಾಠ. ಆ ಪಾಠ ಸರಿಯಾದದ್ದೇ, ಬಿಡಬಾರದು. ಆದರೆ ಅದರ ಇನ್ನೊಂದು ಪರಿಣಾಮ ಗೊತ್ತಿರಬೇಕು. ಮದರ್‌ಬೋರ್ಡಿನ ಮೇಲೆ ಎಂಟಾಣೆ ನಾಣ್ಯದಂತೆ ಸಿಆರ್2032 ಎಂಬ 3 ವೋಲ್ಟಿನ ಸೆಲ್ಲು ಇರುತ್ತದೆ. ಗಡಿಯಾರ ಓಡಿಸುವುದು ಮತ್ತು ಹಳೆಯ ಯಂತ್ರಗಳಲ್ಲಿ ಬಯೋಸ್‌ನ ಆಯ್ಕೆಗಳನ್ನು ನೆನಪಿಡುವುದು ಅದರ ಕೆಲಸ. ಗೋಡೆಯ ಪ್ಲಗ್ ಹಾಕಿರುವಾಗ, ಕಂಪ್ಯೂಟರ್ ಆಫ್ ಇದ್ದರೂ, ಸಣ್ಣ ಕರೆಂಟೊಂದು ಬರುತ್ತಿದ್ದು ಸೆಲ್ಲಿಗೆ ಬಿಡುವು ಸಿಗುತ್ತದೆ. ಪ್ಲಗ್ ಕಿತ್ತರೆ ಪೂರ್ತಿ ಹೊರೆ ಸೆಲ್ಲಿನ ಮೇಲೆ. ತಿಂಗಳುಗಟ್ಟಲೆ ಪ್ಲಗ್ ಕಿತ್ತಿಡುವ, ದಿನಗಟ್ಟಲೆ ಕರೆಂಟಿಲ್ಲದ ಊರಿನಲ್ಲಿ ಅದು ಬೇಗ ಬರಿದಾಗುತ್ತದೆ. ಸೆಲ್ಲು ಬರಿದಾದರೆ ಬಯೋಸ್ ಕಾರ್ಖಾನೆಯಲ್ಲಿ ಇಟ್ಟಿದ್ದ ಮೂಲ ಆಯ್ಕೆಗಳಿಗೆ ಮರಳುತ್ತದೆ. ಕಿಂಡಿಯೊಂದು ಮುಚ್ಚಿಕೊಳ್ಳಬಹುದು, ಡಿಸ್ಕಿನೊಡನೆ ಮಾತಾಡುವ ರೀತಿಯೇ ಬದಲಾಗಬಹುದು. ನಿನ್ನೆವರೆಗೆ ಓಡುತ್ತಿದ್ದ ವಿಂಡೋಸ್ ಇಂದು ನೀಲಿ ಪರದೆ ತೋರಿಸಬಹುದು. ಗುರುತು ಹಿಡಿಯುವುದು ಸುಲಭ: ಕಂಪ್ಯೂಟರಿನ ತಾರೀಕು ಹಿಂದಿನ ಯಾವುದೋ ವರ್ಷಕ್ಕೆ ಹೋಗಿ ನಿಂತಿರುತ್ತದೆ. ಇಂಥ ಸೆಲ್ಲು ಪೇಟೆಯ ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ.

ಹೊಸ ಲ್ಯಾಪ್‌ಟಾಪುಗಳ ವಿಷಯ ಸ್ವಲ್ಪ ಬೇರೆ. ಅವುಗಳಲ್ಲಿ ಚೂಯಿಂಗ್ ಗಮ್ಮಿನ ಪಟ್ಟಿಯಂಥ ಎಂ.2 ಎಂಬ ಎಸ್‌ಎಸ್‌ಡಿ ಹಾಕುತ್ತಾರೆ. ನೋಡಲು ಒಂದೇ ತೆರನಾದರೂ ಒಳಗೆ ಎರಡು ಭಾಷೆಗಳು: ಒಂದು ಹಳೆಯ ಸಾಟಾ, ಇನ್ನೊಂದು ವೇಗದ ಎನ್‌ವಿಎಂಇ. ಕೆಲವು ಕಿಂಡಿಗೆ ಎರಡೂ ಬರುತ್ತವೆ, ಕೆಲವಕ್ಕೆ ಒಂದೇ. ಭಾಷೆ ತಪ್ಪಿದರೆ ಡಿಸ್ಕ್ ಎಷ್ಟು ಚೆನ್ನಾಗಿದ್ದರೂ ಬಯೋಸ್‌ನಲ್ಲಿ ಮೂಡುವುದಿಲ್ಲ. ಕೊಳ್ಳುವ ಮೊದಲು ಲ್ಯಾಪ್‌ಟಾಪಿನ ಮಾದರಿ ಸಂಖ್ಯೆ ಹೇಳಿ ಯಾವುದು ಕೂಡುತ್ತದೆ ಎಂದು ಕೇಳಬೇಕು. ಡೆಸ್ಕ್‌ಟಾಪಿನ ಕೆಲವು ಮದರ್‌ಬೋರ್ಡುಗಳಲ್ಲಿ ಈ ಪಟ್ಟಿ ಹಾಕಿದ ಕೂಡಲೇ ಸಾಟಾದ ಒಂದೆರಡು ಕಿಂಡಿಗಳು ತಾವಾಗಿ ಮುಚ್ಚಿಕೊಳ್ಳುತ್ತವೆ. ಹೊಸದು ಬಂತು, ಹಳೆಯದು ಮಾಯವಾಯಿತು ಎಂದು ಗಾಬರಿಯಾಗುವುದು ಬೇಡ, ಹಳೆಯದನ್ನು ಬೇರೆ ಕಿಂಡಿಗೆ ಹಾಕಿದರಾಯಿತು.

ಬಯೋಸ್‌ನಲ್ಲಿ ಕಂಡಿತು, ವಿಂಡೋಸ್‌ನಲ್ಲಿ ಇಲ್ಲ. ಹೊಸ ಡಿಸ್ಕಿನ ದೂರುಗಳಲ್ಲಿ ಬಹಳಷ್ಟು ಬಂದು ನಿಲ್ಲುವುದು ಇಲ್ಲಿ. ಇದು ತೊಂದರೆಯೇ ಅಲ್ಲ, ಮುಗಿಯದೆ ಉಳಿದ ಕೆಲಸ. ಜಮೀನಿನ ಮಾತಿನಲ್ಲಿ ಹೇಳಿದರೆ ಚೆನ್ನಾಗಿ ತಿಳಿಯುತ್ತದೆ. ಹೊಸ ಡಿಸ್ಕ್ ಎಂದರೆ ಸರ್ವೆಯಾಗದ ಬಯಲು. ನೆಲ ಇದೆ, ಆದರೆ ಪಹಣಿ ಇಲ್ಲ, ಹದ್ದುಬಸ್ತು ಆಗಿಲ್ಲ, ಮನೆ ನಂಬರು ಬಿದ್ದಿಲ್ಲ. ‘ಮೈ ಕಂಪ್ಯೂಟರ್’ ತೋರಿಸುವುದು ನಂಬರು ಬಿದ್ದ ಮನೆಗಳನ್ನು ಮಾತ್ರ. ಬರಿಯ ನೆಲವನ್ನು ತೋರಿಸುವ ಕಚೇರಿ ಬೇರೆ ಇದೆ, ಅದರ ಹೆಸರು ಡಿಸ್ಕ್ ಮ್ಯಾನೇಜ್‌ಮೆಂಟ್. ಸ್ಟಾರ್ಟ್ ಗುಂಡಿಯ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ ಬರುವ ಪಟ್ಟಿಯಲ್ಲಿ ಅದು ಸಿಗುತ್ತದೆ. ತೆರೆದರೆ ಕೆಳಗಡೆ ಪ್ರತಿ ಡಿಸ್ಕಿಗೂ ಒಂದೊಂದು ಅಡ್ಡಪಟ್ಟಿ. ಹೊಸದರ ನೆತ್ತಿಯ ಮೇಲೆ ಕಪ್ಪು ಗೆರೆ, ಒಳಗೆ ‘ಅನ್‌ಅಲೊಕೇಟೆಡ್’, ಅಂದರೆ ಯಾರಿಗೂ ಹಂಚಿಲ್ಲದ ಜಾಗ, ಎಂಬ ಬರಹ.

ಭಾವನ ಪರದೆಯ ಮೇಲೂ ಆ ಕಪ್ಪು ಗೆರೆ ಮೂಡಿತ್ತು. ಮೊದಲು ಡಿಸ್ಕಿಗೆ ದಾಖಲೆ ಪುಸ್ತಕ ತೆರೆಯಬೇಕು. ಇದನ್ನು ಇನಿಶಿಯಲೈಸ್ ಎನ್ನುತ್ತಾರೆ. ಯಾವ ನಮೂನೆಯ ಪುಸ್ತಕ, ಎಂಬಿಆರ್ ಬೇಕೋ ಜಿಪಿಟಿ ಬೇಕೋ ಎಂದು ಯಂತ್ರ ಕೇಳುತ್ತದೆ. ಎಂಬಿಆರ್ 1983ರ ಪಿಸಿ ಡಾಸ್ ಕಾಲದ ನಮೂನೆ. ಡಿಸ್ಕನ್ನು 512 ಬೈಟುಗಳ ಸಣ್ಣ ಮಡಿಗಳಾಗಿ ಮಾಡಿ, ಪ್ರತಿ ಮಡಿಗೂ ನಂಬರು ಕೊಡುವಾಗ ಆ ಪುಸ್ತಕದಲ್ಲಿ ನಂಬರು ಬರೆಯಲು ಇರುವ ಜಾಗ 32 ಬಿಟ್ ಮಾತ್ರ. ಅಷ್ಟರಲ್ಲಿ ಬರೆಯಬಹುದಾದದ್ದು ಸುಮಾರು 429 ಕೋಟಿ ನಂಬರುಗಳು. ಅದನ್ನು 512ರಿಂದ ಗುಣಿಸಿದರೆ 2.2 ಟಿಬಿ. ಅದರಾಚೆಯ ನೆಲಕ್ಕೆ ಈ ಪುಸ್ತಕದಲ್ಲಿ ನಂಬರೇ ಇಲ್ಲ. 4 ಟಿಬಿ ಡಿಸ್ಕ್ ತಂದವರಿಗೆ ಅರ್ಧವಷ್ಟೇ ಬಳಕೆಗೆ ಸಿಗುವುದು ಇದರಿಂದ. ಜಿಪಿಟಿ ಈ ಮಿತಿಯನ್ನು ದಾಟಿದ ನಮೂನೆ, ಈಗಿನ ಯಂತ್ರಗಳಿಗೆಲ್ಲ ಅದೇ ಸರಿ. ತೀರಾ ಹಳೆಯ, ಎಕ್ಸ್‌ಪಿ ಕಾಲದ ಕಂಪ್ಯೂಟರಿಗೂ ಇದೇ ಡಿಸ್ಕ್ ಹಚ್ಚಬೇಕಾದರೆ ಮಾತ್ರ ಎಂಬಿಆರ್.

ದಾಖಲೆ ತೆರೆದ ಮೇಲೆ ಗಡಿ ಹಾಕುವುದು, ಅಂದರೆ ಪಾರ್ಟಿಷನ್. ಬಳಿಕ ಗದ್ದೆಯ ಅಂಚು ಕಟ್ಟಿ ನಾಟಿಗೆ ಅಣಿಮಾಡಿದಂತೆ, ಯಾವ ಕಡತ ಎಲ್ಲಿದೆ ಎಂದು ಬರೆದಿಡುವ ಪಟ್ಟಿಯನ್ನು ಸಿದ್ಧಮಾಡುವುದು, ಅದೇ ಫಾರ್ಮ್ಯಾಟ್. ಕೊನೆಗೆ ಒಂದು ಅಕ್ಷರ. ಎ, ಬಿ ಹಿಂದಿನ ಫ್ಲಾಪಿಗಳಿಗೆ ಮೀಸಲಾಗಿದ್ದ ಕಾರಣ ‘ಸಿ’ಯಿಂದ ಎಣಿಕೆ. ಕಪ್ಪು ಗೆರೆಯ ಮೇಲೆ ಬಲಗುಂಡಿ ಒತ್ತಿ, ‘ನ್ಯೂ ಸಿಂಪಲ್ ವಾಲ್ಯೂಮ್’ ಎಂಬುದನ್ನು ಆರಿಸಿ, ಕೇಳಿದ್ದಕ್ಕೆಲ್ಲ ಮುಂದೆ ಮುಂದೆ ಎನ್ನುತ್ತ ಹೋದರೆ ಇವಿಷ್ಟೂ ಐದು ನಿಮಿಷದೊಳಗೆ ಮುಗಿಯುತ್ತವೆ. ಭಾವನ ಮನೆಯಲ್ಲಿ ಕಪ್ಪು ಗೆರೆ ನೀಲಿಯಾಯಿತು, ‘ಇ’ ಎಂಬ ಡ್ರೈವ್ ಮೂಡಿತು. ಒಡನೆಯೇ ಇನ್ನೊಂದು ಅನುಮಾನ: ‘1 ಟಿಬಿ ಅಂತ ತಗೊಂಡಿದ್ದು, 931 ಜಿಬಿ ಅಂತಿದೆಯಲ್ಲ?’ ಮೋಸವಿಲ್ಲ. ತಯಾರಿಸುವ ಕಂಪನಿ ಒಂದು ಲಕ್ಷ ಕೋಟಿ ಬೈಟಿಗೆ 1 ಟಿಬಿ ಎನ್ನುತ್ತದೆ. ವಿಂಡೋಸ್ ಅದನ್ನು 1024ರ ಲೆಕ್ಕದಲ್ಲಿ ಮೂರು ಸಲ ಭಾಗಿಸಿ ಹೇಳುತ್ತದೆ. ಒಂದೇ ಅಡಿಕೆ ರಾಶಿಯನ್ನು ಒಬ್ಬ ಕಿಲೋದಲ್ಲೂ ಇನ್ನೊಬ್ಬ ಹಳೆಯ ಮಣದಲ್ಲೂ ತೂಗಿದಂತೆ.

ಹೊಸ ಡಿಸ್ಕಿಗೆ ವಿಂಡೋಸನ್ನೇ ಹಾಕಲು ಹೊರಟಾಗ ‘ಯಾವ ಡ್ರೈವೂ ಸಿಗಲಿಲ್ಲ’ ಎಂಬ ಸಂದೇಶ ಬರುವುದು ಬೇರೆಯೇ ಸಂಗತಿ. ಈಚಿನ ಇಂಟೆಲ್ ಲ್ಯಾಪ್‌ಟಾಪುಗಳಲ್ಲಿ ಡಿಸ್ಕಿನ ಉಸ್ತುವಾರಿಗೆ ವಿಎಂಡಿ ಎಂಬ ನಡುವಿನ ವ್ಯವಸ್ಥೆಯೊಂದಿದೆ. ಅದರ ಭಾಷೆ ತಿಳಿಸುವ ಡ್ರೈವರನ್ನು ಲ್ಯಾಪ್‌ಟಾಪ್ ಕಂಪನಿಯ ತಾಣದಿಂದ ಇಳಿಸಿ, ಪೆನ್‌ಡ್ರೈವಿನಲ್ಲಿ ಕೊಟ್ಟರೆ ಡಿಸ್ಕ್ ಕಾಣುತ್ತದೆ.

ಹೊರಗಿನಿಂದ ಯುಎಸ್‌ಬಿಗೆ ಚುಚ್ಚುವ ಎರಡೂವರೆ ಇಂಚಿನ ಡಿಸ್ಕುಗಳಲ್ಲಿ ಕರೆಂಟೂ ಮಾಹಿತಿಯೂ ಒಂದೇ ತಂತಿಯಲ್ಲಿ ಬರುತ್ತವೆ. ಹಳೆಯ ಯುಎಸ್‌ಬಿ 2.0 ಕಿಂಡಿ ಕೊಡಬೇಕಾದದ್ದು 5 ವೋಲ್ಟಿನಲ್ಲಿ 500 ಮಿಲಿಆಂಪ್, ಅಂದರೆ ಎರಡೂವರೆ ವ್ಯಾಟ್. ನೀಲಿ ನಾಲಿಗೆಯ 3.0 ಕಿಂಡಿಯಲ್ಲಿ 900 ಮಿಲಿಆಂಪ್, ನಾಲ್ಕೂವರೆ ವ್ಯಾಟ್. ತಿರುಗುವ ತಟ್ಟೆ ನಿಂತಲ್ಲಿಂದ ಹೊರಡುವ ಕ್ಷಣದಲ್ಲೇ ಅದಕ್ಕೆ ಹೆಚ್ಚು ಕರೆಂಟು ಬೇಕು, ಏರಿನಲ್ಲಿ ಗಾಡಿ ಎಳೆಯಲು ಎತ್ತಿಗೆ ಮೊದಲ ಹೆಜ್ಜೆಯೇ ಭಾರವಾದಂತೆ. ಕಡಿಮೆ ಬಿದ್ದರೆ ತಟ್ಟೆ ಏಳುತ್ತದೆ, ನಿಲ್ಲುತ್ತದೆ, ಮತ್ತೆ ಏಳುತ್ತದೆ. ಟಿಕ್ ಟಿಕ್ ಸದ್ದು ಬರುತ್ತದೆ. ಡೆಸ್ಕ್‌ಟಾಪಿನ ಮುಖದ ಕಿಂಡಿಗೆ ಒಳಗಿನಿಂದ ಉದ್ದದ ಸಪೂರ ತಂತಿ ಬಂದಿರುವುದರಿಂದ ಕರೆಂಟು ಇನ್ನಷ್ಟು ಸೊರಗುತ್ತದೆ. ಬೆನ್ನಿನ ಕಿಂಡಿಗೆ, ಗಿಡ್ಡ ತಂತಿಯಲ್ಲಿ ಹಾಕಿ ನೋಡಿದರೆ ಎಷ್ಟೋ ಡಿಸ್ಕುಗಳು ಏಳುತ್ತವೆ. ಸರಿಯಾದ ಕರೆಂಟು ಕೊಟ್ಟ ಮೇಲೂ ಅದೇ ಟಿಕ್ ಸದ್ದು ಬಿಡದಿದ್ದರೆ ಓದುವ ತಲೆಗೆ ಪೆಟ್ಟಾಗಿರಬಹುದು. ಆಗ ಮತ್ತೆ ಮತ್ತೆ ಸ್ವಿಚ್ ಹಾಕಿ ನೋಡಬಾರದು.

ಇಷ್ಟು ಹೇಳಿದ ಮೇಲೆ, ನನ್ನನ್ನು ಹೆಚ್ಚು ಕಾಡುವ ಸಂಗತಿಗೆ ಬರುತ್ತೇನೆ. ಅದು ಹೊಸ ಡಿಸ್ಕಿನದಲ್ಲ, ಅದರ ಪಕ್ಕದಲ್ಲಿರುವ ಹಳೆಯ ಡಿಸ್ಕಿನದು. ಹೊಸದು ಸರಿಯಾದ ಮೇಲೆ ಭಾವ ತಮ್ಮ ಹಳೆಯ ಡಿಸ್ಕನ್ನು ಯುಎಸ್‌ಬಿ ಪೆಟ್ಟಿಗೆಯಲ್ಲಿಟ್ಟು ಚುಚ್ಚಿದರು. ಅದರಲ್ಲಿ ಮಾವನ ಅರ್ಥಗಾರಿಕೆ ಇದೆ, ನಾಲ್ಕು ಮಳೆಗಾಲದ ತಾಳಮದ್ದಳೆ, ಈಗ ಮಾವ ಇಲ್ಲ. ಪರದೆಯ ಮೇಲೆ ಬಂದದ್ದು: ಈ ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ? ಹತ್ತು ನಿಮಿಷದ ಹಿಂದೆ ಹೊಸ ಡಿಸ್ಕಿಗೆ ನಾನೇ ‘ಮುಂದೆ’ ಎಂದು ಒತ್ತಿಸಿದ್ದೆ. ಭಾವನ ಬೆರಳು ಆಗಲೇ ಮೌಸಿನ ಮೇಲಿತ್ತು. ‘ಭಾವ, ಕೈ ತೆಗೀರಿ’ ಎಂದು ಕೂಗಿದ್ದು ಅಡುಗೆಮನೆಯವರೆಗೂ ಕೇಳಿತು.

ಎರಡೂ ಕಡೆ ಪದ ಒಂದೇ, ಅರ್ಥ ತದ್ವಿರುದ್ಧ. ಖಾಲಿ ಬಯಲಿಗೆ ಅಂಚು ಕಟ್ಟಿದರೆ ಕಳೆಯುವುದೇನೂ ಇಲ್ಲ. ಫಸಲು ನಿಂತ ಗದ್ದೆಯ ದಾಖಲೆ ಹರಿದಿದೆಯೆಂದು ಹೊಸದಾಗಿ ಉಳುಮೆ ಮಾಡಿದರೆ ಫಸಲೇ ಹೋಯಿತು. ಹಳೆಯ ಡಿಸ್ಕ್ ಫಾರ್ಮ್ಯಾಟ್ ಕೇಳುತ್ತಿದೆ ಎಂದರೆ ಯಂತ್ರಕ್ಕೆ ಅದರ ಕಡತಪಟ್ಟಿ ಓದಲಾಗಲಿಲ್ಲ ಎಂದಷ್ಟೇ ಅರ್ಥ. ಕಡತಗಳು ಹಾಗೆಯೇ ಇರಬಹುದು. ಲಿನಕ್ಸ್ ಅಥವಾ ಮ್ಯಾಕಿನಲ್ಲಿ ಬಳಸಿದ ಡಿಸ್ಕಾದರೆ ಏನೂ ಕೆಟ್ಟಿರುವುದೇ ಇಲ್ಲ, ವಿಂಡೋಸ್‌ಗೆ ಆ ಲಿಪಿ ಬಾರದು ಅಷ್ಟೇ. ಅಲ್ಲಿ ಒತ್ತಬೇಕಾದ ಗುಂಡಿ ‘ಕ್ಯಾನ್ಸಲ್’. ಬಳಿಕ ತಂತಿ ಬದಲಿಸಿ, ಬೇರೆ ಕಂಪ್ಯೂಟರಿನಲ್ಲಿ ಇಟ್ಟು ನೋಡಬೇಕು. ಆಗಲೂ ಓದದಿದ್ದರೆ ಅದರ ಮೇಲೆ ಒಂದಕ್ಷರವೂ ಬರೆಯದೆ, ಮಾಹಿತಿ ಮರಳಿ ಪಡೆಯುವ ಕೆಲಸ ಬಲ್ಲವರಿಗೆ ಕೊಡಬೇಕು.

ನನ್ನ ಅಭಿಪ್ರಾಯ ಕೇಳಿದರೆ, ನಮ್ಮ ಮೂರು ತಾಲ್ಲೂಕುಗಳ ಕಂಪ್ಯೂಟರ್ ಅಂಗಡಿಗಳು ಒಂದು ಸಣ್ಣ ರೂಢಿ ತಂದುಕೊಳ್ಳಬೇಕು. ‘ಡಿಸ್ಕ್ ಹೋಗಿದೆ’ ಎಂದು ಬಾಯಲ್ಲಿ ಹೇಳುವ ಬದಲು ಚೀಟಿಯ ಮೇಲೆ ಎರಡು ಸಾಲು ಬರೆದುಕೊಡಲಿ: ಕರೆಂಟು ಕೊಟ್ಟಾಗ ತಿರುಗಿತೇ, ಬಯೋಸ್‌ನಲ್ಲಿ ಹೆಸರು ಬಂತೇ, ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಕಂಡಿತೇ. ಆ ಚೀಟಿ ಇದ್ದರೆ ಶಿವಮೊಗ್ಗದ ಅಂಗಡಿಯವನು ಮೊದಲಿನಿಂದ ಶುರುಮಾಡಬೇಕಿಲ್ಲ, ಕೊಂಡ ಕಂಪನಿಯೊಡನೆ ಬದಲಿ ಕೇಳುವಾಗಲೂ ಮಾತಿಗೆ ತೂಕ ಬರುತ್ತದೆ. ಹೈಸ್ಕೂಲುಗಳಲ್ಲಿ ಮೂಲೆ ಸೇರಿದ ಕೆಟ್ಟ ಕಂಪ್ಯೂಟರುಗಳಿವೆ. ಪಠ್ಯದಲ್ಲಿ ಚಿತ್ರ ತೋರಿಸುವ ಬದಲು ಅಂಥದ್ದೊಂದನ್ನು ಮಕ್ಕಳೆದುರು ಬಿಚ್ಚಿ, ಒಂದು ಪ್ಲಗ್ ಕಿತ್ತು, ಯಾವುದು ಕಿತ್ತಿದೆ ಹುಡುಕಿ ಎಂದರೆ ಒಂದೇ ಗಂಟೆಯಲ್ಲಿ ಈ ಲೇಖನದ ಮುಕ್ಕಾಲು ಪಾಲು ಅವರಿಗೆ ಬಂದುಬಿಡುತ್ತದೆ. ಕೊಳ್ಳುವವರಿಗೆ ನನ್ನ ಬಿನ್ನಹ: ಮಳೆಗಾಲದಲ್ಲಿ ತರಿಸಿದ ಡಿಸ್ಕನ್ನು ಕರೆಂಟು ನೆಟ್ಟಗಾಗಲಿ ಎಂದು ಕಪಾಟಿನಲ್ಲಿ ಇಟ್ಟುಬಿಡಬೇಡಿ. ವಾಪಸ್ ಕೊಡುವ ಅವಧಿ ಕೆಲವೇ ದಿನ, ಅಷ್ಟರೊಳಗೆ ಒಮ್ಮೆ ಜೋಡಿಸಿ ಕನಿಷ್ಠ ಬಯೋಸ್‌ನಲ್ಲಿ ಹೆಸರು ಬಂತೇ ಎಂದು ನೋಡಿ.

ಆ ದಿನ ಸಂಜೆ ಹಳೆಯ ಡಿಸ್ಕನ್ನು ಬೆನ್ನಿನ ಕಿಂಡಿಗೆ, ಬೇರೆ ತಂತಿಯಲ್ಲಿ ಹಾಕಿದಾಗ ಕಡತಗಳು ತೆರೆದವು. ಮೊದಲಿನ ತಂತಿಯೇ ಸರಿಯಿರಲಿಲ್ಲ. ನಕಲು ಮುಗಿಯುವ ಹೊತ್ತಿಗೆ ರಾತ್ರಿ ಹನ್ನೊಂದಾಯಿತು, ನಡುವೆ ಎರಡು ಸಲ ಕರೆಂಟು ಹೋಗಿ ಯುಪಿಎಸ್ ಕೂಗಿತು. ಭಾವನ ಮಗಳು, ಒಂಬತ್ತನೇ ತರಗತಿಯವಳು, ನೋಟ್‌ಬುಕ್ಕಿನ ಚೂರು ಹರಿದು ಹಳೆಯ ಡಿಸ್ಕಿನ ಮೇಲೆ ಅಂಟಿಸಿದಳು. ‘ಅಜ್ಜನ ಅರ್ಥ. ಫಾರ್ಮ್ಯಾಟ್ ಕೇಳಿದರೆ ಬೇಡ ಅನ್ನಿ’ ಎಂದು ಬರೆದಿದ್ದಳು. ಅದನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು, ಒಲೆಯ ಬಿಸಿಗೆ ಬೆಚ್ಚಗಿರುವ ಅಟ್ಟದ ಬದಲು ನಡುಮನೆಯ ಕಪಾಟಿಗೆ ಸೇರಿಸಿದೆವು.